ಮಾಸ್ತಿಯಮ್ಮನನ್ನು ಕೊಪ್ಪಕ್ಕೆ ತಂದದ್ದು

ನಾನು ಮದುವೆಯಾಗಿ ಕೊಪ್ಪಕ್ಕೆ ಬಂದಾಗ ಎರಡನೆಯ ಮಹಾಯುದ್ಧ ಶುರುವಾಗಿತ್ತು. ನನ್ನ ಯಜಮಾನರು ಶಾಲೆಯ ಮೇಷ್ಟರು. ಅವರೂ ಊರಿನ ನಾಲ್ಕಾರು ಜನರೂ ಸೇರಿ ಸೀಮೆಯ ಹಳೆಯ ವಸ್ತುಗಳನ್ನು ಕಾಪಾಡಲು ಒಂದು ಸಂಘ ಮಾಡಿಕೊಂಡಿದ್ದರು. ಸಂಬಳವಿಲ್ಲ, ಸರಕಾರದ ನೆರವಿಲ್ಲ. ರಜೆಯಲ್ಲಿ ಹಳ್ಳಿಗಳಿಗೆ ಹೋಗಿ ಕಾಡುಪಾಲಾಗಿದ್ದ ವೀರಗಲ್ಲು, ತುಕ್ಕು ಹಿಡಿದ ಕತ್ತಿ, ಕಂಚಿನ ದೀಪ ತಂದು, ಅಡಿಕೆ ವ್ಯಾಪಾರಿಯೊಬ್ಬರು ಬಿಟ್ಟುಕೊಟ್ಟ ಕೋಣೆಯಲ್ಲಿ ಇಡುತ್ತಿದ್ದರು. ಅವರ ಮಾತುಕತೆಯೆಲ್ಲ ನಮ್ಮ ಜಗಲಿಯಲ್ಲಿ. ಕಾಫಿ ಕೊಟ್ಟು ಬಾಗಿಲ ಹಿಂದೆ ನಿಲ್ಲುವುದು ನನ್ನ ಪಾಲು.

ಒಂದು ಸಂಜೆ ಸಂಘದ ಅಧ್ಯಕ್ಷರು, ಒಳ್ಳೆಯ ಮಾಸ್ತಿಕಲ್ಲು ಒಂದೂ ಸಿಕ್ಕಿಲ್ಲವೆಂದು ಪೇಚಾಡಿಕೊಂಡರು. ಗಂಡನೊಡನೆ ಚಿತೆಯೇರಿದವಳ ನೆನಪಿಗೆ ನಿಲ್ಲಿಸುವ ಕಲ್ಲು ಅದು. ನನಗೆ ತಡೆಯಲಾಗಲಿಲ್ಲ.

"ನಮ್ಮೂರಲ್ಲಿ ಒಂದಿದೆ" ಎಂದುಬಿಟ್ಟೆ.

ಎಲ್ಲರೂ ನನ್ನ ಕಡೆ ತಿರುಗಿದರು. ಯಜಮಾನರ ಮುಖ ಅರಳಿತು. ಕಡಹಿನಬೈಲಿನ ನಮ್ಮ ಗದ್ದೆಯ ಅಂಚಿನಲ್ಲಿ ಅದು ಎಲ್ಲಿದೆ, ಹೇಗಿದೆ ಎಂದು ಹೊಸ್ತಿಲಲ್ಲಿ ನಿಂತು ವಿವರವಾಗಿ ಹೇಳಿದೆ. ಅದಕ್ಕೆ ನನ್ನ ದೊಡ್ಡಮ್ಮ ದಿನವೂ ಎಣ್ಣೆ ಹಚ್ಚಿ ಹೂವಿಡುತ್ತಾಳೆಂಬುದನ್ನು ಮಾತ್ರ ಹೇಳಲಿಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು.

ಅಳಿಯಂದಿರು ದೊಡ್ಡ ಮನುಷ್ಯರನ್ನು ಕರೆದುಕೊಂಡು ಬಂದರೆಂದು ಅಪ್ಪಯ್ಯನಿಗೆ ಹಿಗ್ಗು. ತಾವೇ ಆಳುಗಳನ್ನು ಕರೆದು ಕಲ್ಲನ್ನು ಅಗೆಸಿ ಗಾಡಿಗೇರಿಸಿದರು. ದೊಡ್ಡಮ್ಮ ಆಗ ಬಾಳೆಹೊನ್ನೂರಿನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಕೊಪ್ಪದಲ್ಲಿ ಕಲ್ಲನ್ನು ಸೀಗೆಪುಡಿ ಹಾಕಿ ತಿಕ್ಕಿದರು. ನೀರು ತಂದುಕೊಟ್ಟವಳು ನಾನೇ. ತಲೆಮಾರುಗಳ ಜಿಡ್ಡು, ಕುಂಕುಮ ಎಲ್ಲ ಕರಗಿ ಹೋದ ಮೇಲೆ, ಬಳೆ ತೊಟ್ಟು ಮೇಲೆತ್ತಿದ ಒಂದು ಕೈ ಕಾಣಿಸಿತು. ಆ ಹೊತ್ತಿಗೆ ನಾನೂ ಅವರಷ್ಟೇ ಸಂಭ್ರಮಪಟ್ಟೆ.

ದೀಪಾವಳಿ ಕಳೆದು ದೊಡ್ಡಮ್ಮ ಬಸ್ಸಿನಲ್ಲಿ ಬಂದಳು. ಸಿಟ್ಟಿನ ಸುಳಿವಿರಲಿಲ್ಲ.

"ಮಾಸ್ತಿಯಮ್ಮನ್ನ ಒಂದ್ಸಲ ನೋಡ್ಕೊಂಡು ಹೋಗ್ತೀನಿ ಮಗಾ" ಎಂದಳು.

ಯಜಮಾನರೂ ನಾನೂ ಅವಳನ್ನು ಕೋಣೆಗೆ ಕರೆದೊಯ್ದೆವು. ಅವಳು ಸುತ್ತಲೂ ನೋಡಿದಳು.

"ಎಲ್ಲೇ?"

"ಇದೇ, ದೊಡ್ಡಮ್ಮ."

ಅವಳು ಬಗ್ಗಿ ನೋಡಿದಳು. "ಇದ್ಯಾವುದೇ? ನಮ್ಮವಳಿಗೆ ಕೈ ಎಲ್ಲಿತ್ತು?"

"ಎಣ್ಣೆ ಮೆತ್ತಿ ಕಾಣ್ತಿರ್ಲಿಲ್ಲ. ತೊಳ್ದಿದಾರೆ."

"ಸುಮ್ನಿರು ಮಾರಾಯ್ತಿ. ದಿನಾ ಮುಟ್ಟಿದ್ದು ನಂಗೆ ಗೊತ್ತಾಗಲ್ವ?" ಎಂದವಳು ಯಜಮಾನರ ಕಡೆ ತಿರುಗಿ, "ನಮ್ಮದನ್ನ ಎಲ್ಲಿಟ್ಟಿದೀರಿ ಅಳಿಯಂದಿರೇ?" ಎಂದು ಮೆಲ್ಲಗೆ ಕೇಳಿದಳು.

ಅವರು ಕೆತ್ತನೆ, ಕಾಲ, ಅರಸುಮನೆತನ ಎಂದೆಲ್ಲ ವಿವರಿಸಿದರು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಮರುದಿನ ಬೆಳಗ್ಗಿನ ಬಸ್ಸಿಗೆ ಹೊರಟುಹೋದಳು.

"ವಾಪಸ್ ಕೊಟ್ಬಿಡಿ" ಎಂದು ಯಜಮಾನರನ್ನು ಬೇಡಿಕೊಂಡೆ.

"ಈಗ ಅದು ಸಂಘದ್ದು, ನನ್ನೊಬ್ಬನದಲ್ಲ. ಅಷ್ಟಕ್ಕೂ ನೀನೇ ಅಲ್ವ ಹೇಳಿದ್ದು?" ಎಂದರು. ಚುಚ್ಚಬೇಕೆಂದು ಹೇಳಿದ ಮಾತಲ್ಲ. ಆದರೂ ಆಮೇಲೆ ಅವರ ಗೆಳೆಯರು ಬಂದಾಗಲೆಲ್ಲ ಕಾಫಿ ಇಟ್ಟು ಒಳಗೆ ಬಂದುಬಿಡುತ್ತಿದ್ದೆ.

ಯುದ್ಧ ಬಲಿತಂತೆ ಆ ಕೋಣೆ ರೇಷನ್ ಅಕ್ಕಿಯ ಮೂಟೆಗಳಿಗೆ ಬೇಕಾಯಿತು. ಸಂಘದವರೂ ಒಬ್ಬೊಬ್ಬರಾಗಿ ಚದುರಿದರು. ಸಾಮಾನುಗಳನ್ನು ಅಲ್ಲಿ ಇಲ್ಲಿ ಸಾಗಿಸುವಾಗ ಯಜಮಾನರೇ, "ನಿಮ್ಮೂರಿಂದು ನಿಮ್ಮೂರಿಗೆ ಹೋಗ್ಲಿ" ಎಂದು ಗಾಡಿ ಗೊತ್ತು ಮಾಡಿದರು. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಎದೆ ಹಗುರವಾಗಿತ್ತು.

ಗದ್ದೆಯ ಅಂಚಿನ ಆ ಜಾಗ ಖಾಲಿಯಿರಲಿಲ್ಲ. ದೊಡ್ಡಮ್ಮ ಹಳ್ಳದಿಂದ ಉದ್ದನೆಯದೊಂದು ಕಲ್ಲು ತರಿಸಿ ನೆಟ್ಟಿದ್ದಳು. ಆಗಲೇ ಅದು ಎಣ್ಣೆಯಿಂದ ಕಪ್ಪಾಗಿ, ಕುಂಕುಮ ಹೊತ್ತು ನಿಂತಿತ್ತು.

"ಇಲ್ಲೊಬ್ಬಳು ಕೂತಿದಾಳಲ್ಲ. ಅವಳನ್ನ ಹೇಗೆ ಏಳ್ಸೋದು?" ಎಂದಳು ದೊಡ್ಡಮ್ಮ.

"ಹಾಗಾದ್ರೆ ಇದನ್ನ?"

ಅವಳು ಗಾಡಿಯೊಳಗಿದ್ದ ಕಲ್ಲನ್ನು ನೋಡಿದಳು. ಗುರುತು ಹಿಡಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

"ಹಿತ್ತಿಲ ಗೋಡೆಗೆ ಒರಗಿಸಿ. ಪಾಪ, ಎಲ್ಲಿಯವಳೋ."

ಆಳುಗಳು ಹಾಗೆಯೇ ಮಾಡಿದರು. ದೊಡ್ಡಮ್ಮ ನನ್ನ ಕೈ ಹಿಡಿದು ಊಟಕ್ಕೆ ಕರೆದೊಯ್ದಳು. ಮಗಳು ತವರಿಗೆ ಬಂದಳೆಂದು ತುಪ್ಪವನ್ನು ಧಾರಾಳವಾಗಿ ಬಡಿಸಿದಳು. ನಾನು ಅನ್ನವನ್ನು ಕಲಸುತ್ತಲೇ ಕೂತಿದ್ದೆ. ಅಡುಗೆ ರುಚಿಯಾಗಿಲ್ಲವೇ ಎಂದು ಅವಳು ಮತ್ತೆ ಮತ್ತೆ ಕೇಳುತ್ತಲೇ ಇದ್ದಳು.