ಮಳೆಯನ್ನು ಅಳೆದ ಸಾಹೇಬರು

ನನಗೆ ಕ್ಷಮಿಸಲು ಬರುವುದಿಲ್ಲ. ಅವ್ವ ಇದನ್ನು ನನ್ನ ಜಾತಕದ ದೋಷವೆಂದು ತಿಳಿದು ಹರಕೆ ಹೊತ್ತು ನೋಡಿದಳು, ಗುಣ ಕಾಣಲಿಲ್ಲ. ನಮ್ಮದು ಧಾರವಾಡದ ಕಡೆಯಿಂದ ಬಂದು ಗೋವಾದ ಮಾಪ್ಸಾದಲ್ಲಿ ಕಿರಾಣಿ ಅಂಗಡಿ ಇಟ್ಟ ಮನೆತನ. ಗಿರಾಕಿ ಎಷ್ಟೇ ತಲೆ ತಿಂದರೂ ಅಂಗಡಿಯವರು ನಗುತ್ತಲೇ ಇರಬೇಕು. ಆ ನಗುವನ್ನು ಅಪ್ಪನಿಂದ ಚೆನ್ನಾಗಿ ಕಲಿತೆ, ಮರೆಯುವುದನ್ನು ಮಾತ್ರ ಕಲಿಯಲಿಲ್ಲ.

ನಾನು ಹತ್ತಿರದ ಪರ್ವರಿಯ ಒಂದು ಸಣ್ಣ ಕಂಪನಿಯಲ್ಲಿ ಟ್ರಾನ್ಸಿಸ್ಟರುಗಳ ಮಾಡೆಲ್ ತಯಾರಿಸುತ್ತೇನೆ. ಹಾಗಂದರೇನು ಎಂದು ನೆಂಟರು ಕೇಳುತ್ತಾರೆ. ಚಿಪ್ ಮಾಡಿಸುವುದು ಬಹಳ ದುಬಾರಿ, ಮಾಡಿಸಿದ ಮೇಲೆ ತಿದ್ದಲಾಗುವುದಿಲ್ಲ. ಹಾಗಾಗಿ ಸರ್ಕ್ಯೂಟನ್ನು ಮೊದಲು ಕಂಪ್ಯೂಟರಿನೊಳಗೆ ಓಡಿಸಿ ನೋಡುತ್ತಾರೆ. ಆದರೆ ಕಂಪ್ಯೂಟರಿಗೆ ಟ್ರಾನ್ಸಿಸ್ಟರಿನ ಸ್ವಭಾವ ಏನು ಗೊತ್ತು? ಇಷ್ಟು ವೋಲ್ಟೇಜು, ಇಷ್ಟು ಬಿಸಿ ಇದ್ದಾಗ ಎಷ್ಟು ಕರೆಂಟು ಹರಿಯುತ್ತದೆ, ಬಂದ್ ಮಾಡಿದಾಗಲೂ ಎಷ್ಟು ಸೋರುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದುಕೊಡಬೇಕು. ಲ್ಯಾಬಿನಲ್ಲಿ ಅಳೆದದ್ದು ಚುಕ್ಕಿ, ನಾವು ಬರೆದ ಸಮೀಕರಣ ಗೆರೆ. ಗೆರೆ ಚುಕ್ಕಿಗಳ ಮೇಲೆ ಕುಳಿತರೆ ಮಾಡೆಲ್ ಆಯಿತು.

ನಮ್ಮ ತಂಡದ ಮುಖ್ಯಸ್ಥರೂ ಧಾರವಾಡದವರೇ. ಕೆಲಸಕ್ಕೆ ಸೇರಿದ ದಿನವೇ ನನ್ನ ಊರು ಕೇಳಿ ಹಿಗ್ಗಿ, ಅಂದಿನಿಂದ ತಂಗಿ ಎಂದು ಕರೆಯತೊಡಗಿದರು. ತಂಗಿ ಎನ್ನಿಸಿಕೊಂಡವಳು ಲೆಕ್ಕ ಕೇಳಬಾರದು ಎಂಬುದು ಅವರ ಧೋರಣೆ ಎಂದು ನನಗೆ ತಡವಾಗಿ ತಿಳಿಯಿತು. ನೀರಿನ ಮೀಟರು ಮಾಡುವ ಕಂಪನಿಯೊಂದಕ್ಕೆ ಬೇಸಿಗೆ ಪೂರ್ತಿ ಕುಳಿತು ನಾನು ಒಂದು ಮಾಡೆಲ್ ಕಟ್ಟಿದ್ದೆ. ಆ ಮೀಟರು ಒಂದೇ ಬ್ಯಾಟರಿಯ ಮೇಲೆ ವರ್ಷಗಟ್ಟಲೆ ನಡೆಯಬೇಕು, ಆದ್ದರಿಂದ ಕಣ್ಣಿಗೆ ಕಾಣದಷ್ಟು ಸೋರಿಕೆಯೂ ಅವರಿಗೆ ದೊಡ್ಡದು. ಮಾಡೆಲ್ ಸಿದ್ಧವಾದಾಗ ಮುಖ್ಯಸ್ಥರು ಡೈರೆಕ್ಟರ್ ಎದುರು ನಿಂತು, ಇದು ತಮ್ಮದು, ಅಳತೆಯ ಕೆಲಸವನ್ನಷ್ಟೇ ಈ ಹುಡುಗಿ ನೋಡಿಕೊಂಡಳು ಎಂದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನನ್ನನ್ನು ನನ್ನ ಕೆಲಸದಿಂದ ತೆಗೆದುಬಿಟ್ಟರು. ಹೊರಗೆ ಬಂದ ಮೇಲೆ ಹೆಗಲು ತಟ್ಟಿ, "ಹೆಸರು ಯಾರದಿದ್ರ ಏನ್ ತಂಗಿ, ಎಲ್ಲಾ ನಮ್ಮ ಮನ್ಯಾಗಿಂದ ಅಲ್ಲೇನು?" ಎಂದರು.

ನಾನು ನಕ್ಕೆ. ಈ ಮಾಡೆಲ್ ನನ್ನದೆಂದು ಇವರ ಬಾಯಿಂದಲೇ ಹೊರಡಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ.

ಮಳೆಗಾಲ ಹಿಡಿದ ಮೇಲೆ ಮೀಟರಿನ ಗಿರಾಕಿಯಿಂದ ಟ್ರಾನ್ಸಿಸ್ಟರುಗಳಿರುವ ಹೊಸ ಸಿಲಿಕಾನ್ ಬಿಲ್ಲೆ ಬಂತು. ಟ್ರಾನ್ಸಿಸ್ಟರಿನಲ್ಲಿ ಸಣ್ಣ ಬದಲಾವಣೆ ಆಗಿದೆ, ಸೋರಿಕೆಯನ್ನು ಮತ್ತೆ ಅಳೆಯಬೇಕು ಎಂದರು. ಅಳತೆಯಲ್ಲೂ ನನ್ನ ಪಾಲು ಉಳಿಯಬಾರದೆಂದೋ ಏನೋ, ಮುಖ್ಯಸ್ಥರು ನನ್ನನ್ನು ಬೇರೆ ಕೆಲಸಕ್ಕೆ ಹಚ್ಚಿ ತಾವೇ ಲ್ಯಾಬು ಹೊಕ್ಕರು. ಅದನ್ನು ಯಾರಿಗೂ ಹೇಳಲಿಲ್ಲ. ಅಳೆಯುವವಳು ನಾನೇ ಎಂದು ಎಲ್ಲರೂ ತಿಳಿದಿದ್ದರು.

ಗೋವಾದ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ನಮ್ಮ ಅಂಗಡಿಯ ಉಪ್ಪು ಆಗ ತೂಕಕ್ಕೆ ಹೆಚ್ಚು ಬರುತ್ತದೆ, ಹೆಚ್ಚಾದದ್ದು ನೀರು. ಬಿಲ್ಲೆಯ ಮೇಲೂ, ಅಳೆಯಲು ಅದಕ್ಕೆ ಮುಟ್ಟಿಸುವ ಸೂಜಿಗಳ ಸುತ್ತಲೂ ಅಂಥದೇ ತೇವ ಕೂರುತ್ತದೆ. ಆ ತೇವದ ಮೇಲೆ ಹಾಯ್ದು ಬರುವ ಕರೆಂಟನ್ನು ಯಂತ್ರ ಟ್ರಾನ್ಸಿಸ್ಟರಿನ ಸೋರಿಕೆ ಎಂದೇ ತೋರಿಸುತ್ತದೆ. ಅದಕ್ಕೇ ನಾವು ಬಿಲ್ಲೆಯ ಮೇಲೆ ಮುಚ್ಚಳ ಹಾಕಿ, ಒಳಗೆ ಒಣ ಗಾಳಿ ಬಿಟ್ಟು, ಸೋರಿಕೆಯ ಅಂಕಿ ಇಳಿದು ನಿಂತ ಮೇಲೆ ಅಳೆಯುತ್ತೇವೆ. ಸೂಜಿಯನ್ನೇ ಮುಟ್ಟದೆ ಮುಖ್ಯಸ್ಥರಾದವರಿಗೆ ಇದು ಗೊತ್ತಿರಲಿಲ್ಲ.

ಗಿರಾಕಿಯ ಜೊತೆ ಮೀಟಿಂಗ್ ಇದ್ದ ಬೆಳಿಗ್ಗೆ ನನ್ನನ್ನು ಕರೆದು ಗ್ರಾಫು ತೋರಿಸಿದರು. ನೋಡಿದ ಕೂಡಲೇ ತಿಳಿಯಿತು. ಸಿಲಿಕಾನ್ ಬಿಸಿಯಾದಷ್ಟೂ ಹೆಚ್ಚು ಸೋರಬೇಕು. ಇಲ್ಲಿ ಬಿಸಿ ಏರಿದಂತೆ ಸೋರಿಕೆ ಮೊದಲು ಇಳಿದು, ಆಮೇಲೆ ಏರಿತ್ತು. ಬಿಸಿಗೆ ತೇವ ಆರಿದ್ದು, ಅಷ್ಟೇ. ಸಾಹೇಬರು ಟ್ರಾನ್ಸಿಸ್ಟರನ್ನು ಬಿಟ್ಟು ಮಳೆಯನ್ನು ಅಳೆದಿದ್ದರು. ಅದರ ಮೇಲೆ ನನ್ನ ಸಮೀಕರಣದ ಕೈಕಾಲು ತಿರುಚಿ ಗೆರೆಯನ್ನು ಆ ಚುಕ್ಕಿಗಳಿಗೆ ಹೊಂದಿಸಿ, ಗಿರಾಕಿಗೆ ಆಗಲೇ ಕಳಿಸಿಬಿಟ್ಟಿದ್ದರು. ಎಲ್ಲಾ ಬರೋಬರಿ ಐತೇನು ಎಂದು ಕೇಳಿದರು.

"ಗೆರಿ ಚುಕ್ಕಿ ಮ್ಯಾಲ ಬರೋಬರಿ ಕುಂತೈತ್ರಿ ಸರ್," ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮಧ್ಯಾಹ್ನ ಪರದೆಯ ಮೇಲೆ ಗಿರಾಕಿ ಕಂಪನಿಯ ಎಂಜಿನಿಯರಮ್ಮ ಬಂದರು. ಡೈರೆಕ್ಟರೂ ಇದ್ದರು. ಆಕೆ ಮೆಲುದನಿಯವರು. ತಮ್ಮ ಮೀಟರನ್ನು ಈ ಮಾಡೆಲ್ಲಿನೊಂದಿಗೆ ಓಡಿಸಿ ನೋಡಿದೆವು, ತಂಪು ರಾತ್ರಿಗಿಂತ ಬಿರುಬಿಸಿಲಿನಲ್ಲೇ ಬ್ಯಾಟರಿ ಹೆಚ್ಚು ಬಾಳುತ್ತದೆ ಎಂದು ಬರುತ್ತಿದೆ, ಹೇಗೆ ಎಂದು ಕೇಳಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷ ನಿಮಿಷವೂ ಉಳಿಯಲಿಲ್ಲ. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು, ಮಾಡೆಲ್ಲಿನಲ್ಲಿ ದೋಷವಿಲ್ಲ, ಅಳತೆಯಲ್ಲಿದೆ, ಅಳತೆ ಈಕೆಯದು ಎಂದು ನನ್ನತ್ತ ಕೈ ತೋರಿಸಿದರು. ಡೈರೆಕ್ಟರ್ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಮಾಡೆಲ್ ಮೊದಲೇ ಹೋಗಿತ್ತು, ಈಗ ಕೆಲಸವೂ ಹೋಗುವ ಹಾಗಿತ್ತು. ನಾನು ಅಳೆದಿಲ್ಲ ಎಂದರೆ ಯಾರು ನಂಬುತ್ತಾರೆ?

ನಾನು ಅಲ್ಲ ಎನ್ನಲಿಲ್ಲ. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ, ಬಹಳ ವಿನಯದಿಂದ ಅವರನ್ನು ಒಂದು ಮಾತು ಕೇಳಿದೆ: ಅಳೆಯುವ ಮುಂಚೆ ಒಣ ಗಾಳಿಯನ್ನು ಎಷ್ಟು ಹೊತ್ತು ಬಿಟ್ಟಿದ್ದಿರಿ ಸರ್?

ಯಾವ ಒಣ ಗಾಳಿ, ನಾನು ಒಳಗಿದ್ದಷ್ಟು ಹೊತ್ತೂ ಎ.ಸಿ. ಓಡುತ್ತಿತ್ತಲ್ಲ ಎಂದರು.

ಎಂಜಿನಿಯರಮ್ಮ ತಲೆ ಬಗ್ಗಿಸಿ ನಗು ನುಂಗಿದರು. ಡೈರೆಕ್ಟರ್ ನಿಧಾನವಾಗಿ, ಹಾಗಾದರೆ ಅಳೆದದ್ದು ನೀವೇ ಎಂದರು. ಆಮೇಲೆ, ಬೇಸಿಗೆಯಲ್ಲಿ ಗೆರೆ ಸರಿಯಾಗಿ ಕೂರಿಸಿದವರು ಯಾರು ಎಂದೂ ಕೇಳಿದರು. ಸಾಹೇಬರು ಮೇಜು ನೋಡುತ್ತ, "ಈಕೆ" ಎಂದರು. ಮಾಡಿದ್ದುಣ್ಣೋ ಮಹರಾಯ. ಆ ಒಂದು ಮಾತಿಗಾಗಿ ನಾನು ಇನ್ನೂ ನಾಲ್ಕು ಮಳೆಗಾಲ ಕಾಯಲು ತಯಾರಿದ್ದೆ.

ಮಾಡೆಲ್ ನನ್ನ ಕೈಗೆ ಬಂತು. ಮುಖ್ಯಸ್ಥರನ್ನು ಕೆಲಸದಿಂದ ತೆಗೆಯಲಿಲ್ಲ, ಅಂಥವರನ್ನು ಯಾರೂ ತೆಗೆಯುವುದಿಲ್ಲ. ಆದರೆ ಮರು ಅಳತೆ ನಡೆಯುವಷ್ಟು ದಿನ ಲ್ಯಾಬಿನಲ್ಲಿ ನನ್ನ ಜೊತೆ ನಿಂತು ಅಳೆಯುವುದನ್ನು ಕಲಿಯಬೇಕೆಂದು ಡೈರೆಕ್ಟರ್ ಅಪ್ಪಣೆ ಮಾಡಿದರು. ಮಾರನೇ ಬೆಳಿಗ್ಗೆ ಸಾಹೇಬರು ಬಂದರು. ಸೂಜಿ ಇಳಿಸುವ ತಿರುಪಿಗೆ ಕೈ ಹಾಕಹೋದರು.

"ಕೈ ತಗೀರಿ ಸರ್," ಎಂದೆ, "ಇನ್ನೂ ಆರಿಲ್ಲ."

ಅಲ್ಲಿ ಕೂರಲು ಒಂದೇ ಸ್ಟೂಲು, ಅದರ ಮೇಲೆ ನಾನಿದ್ದೆ. ಅವರು ಗೋಡೆಗೆ ಒರಗಿ ನಿಂತರು. ಸ್ವಲ್ಪ ಹೊತ್ತಿಗೊಮ್ಮೆ, ಈಗ ಆತೇನವಾ ಎಂದು ಕೇಳುತ್ತಿದ್ದರು. ನಾನು ಇಲ್ಲರಿ ಎನ್ನುತ್ತಿದ್ದೆ. ಒಣ ಗಾಳಿ ಬಿಟ್ಟರೆ ತೇವ ಅರ್ಧ ಗಂಟೆಯೊಳಗೆ ಆರುತ್ತದೆ. ಇಳಿದು ನಿಂತ ಅಂಕಿ ಅವರ ಕಣ್ಣೆದುರಿನ ಪರದೆಯ ಮೇಲೇ ಇತ್ತು, ಅದನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ನಾನು ಅವರನ್ನು ಊಟದ ಹೊತ್ತಿನವರೆಗೆ ನಿಲ್ಲಿಸಿದೆ.