ನಿಂತುಹೋದ ಗುಳ್ಳೆಗಳು

ಅಕ್ಕ ಮೈಸೂರಿನಿಂದ ಕಡಲಾಚೆಯ ಸೈಬರ್‌ಜಯಾದ ಈ ಫ್ಲ್ಯಾಟಿಗೆ ಹೊತ್ತುತಂದ ಅಮೃತಶಿಲೆಯ ಚಪಾತಿ ಮಣೆಯ ಮೇಲೆ ನಿಂಬೆರಸದ ಹನಿಯೊಂದು ಬಿದ್ದರೆ ಏನಾಗುತ್ತದೆಂದು ನೀವು ಎಂದಾದರೂ ಬಾಗಿ ನೋಡಿದ್ದೀರಾ, ಗೆಳೆಯರೇ? ಕಂಡೂ ಕಾಣದಂಥ ಗುಳ್ಳೆಗಳು ಕೊಂಚ ಹೊತ್ತು ಮಿಸುಕಾಡುತ್ತವೆ; ಒರೆಸಿದ ಮೇಲೆ ಹೊಳಪು ಸತ್ತ ಮಚ್ಚೆಯೊಂದು ಉಳಿಯುತ್ತದೆ. ಆಮ್ಲವು ಕಾರ್ಬೊನೇಟ್ ಲವಣವನ್ನು ಮುಟ್ಟಿದರೆ ಅನಿಲ ಏಳುತ್ತದೆ ಎಂಬುದಷ್ಟೇ ಪಾಠ. ಆದರೆ ಏಳುತ್ತದೆಂಬ ನಿರೀಕ್ಷೆಗೂ ಎದ್ದದ್ದನ್ನು ಕಂಡ ಕಣ್ಣಿಗೂ ನಡುವೆ ಎಷ್ಟು ದೂರವಿದೆಯೆಂದು ನನಗೆ ಕಲಿಸಿದವಳು ಅಕ್ಕನ ಮಗಳು ಮೈತ್ರಿ.

ಅವಳ ಶಾಲೆಯಲ್ಲೊಂದು ರೂಢಿ. ಟ್ಯೂಷನ್ನಿನಲ್ಲಿ ಬಾಯಿಪಾಠ ಮಾಡಿದ 'ವೀಕ್ಷಣೆ'ಯನ್ನು ಮಕ್ಕಳು ಆಮ್ಲ ಸುರಿಯುವ ಮೊದಲೇ ಬರೆದು ಮುಗಿಸಿರುತ್ತಾರೆ: ರಭಸದ ಗುಳ್ಳೆಗಳು, ಕರಗಿದ ಕಲ್ಲು, ಬಣ್ಣವಿಲ್ಲದ ದ್ರಾವಣ. ಆಮೇಲಿನ ಪ್ರಯೋಗ ಬರೀ ಶಾಸ್ತ್ರಕ್ಕೆ. ಪರೀಕ್ಷೆಯ ದಿನ ಆ ಉತ್ತರಕ್ಕೆ ತಕ್ಕ ಹೈಡ್ರೋಕ್ಲೋರಿಕ್ ಆಮ್ಲ ಮುಗಿದಿತ್ತೋ ಏನೋ, ಮೇಜಿನ ಮೇಲೆ ಸಲ್ಫ್ಯೂರಿಕ್ ಆಮ್ಲದ ಸೀಸೆಯಿತ್ತು. ಅದು ಅಮೃತಶಿಲೆಯ ಚೂರಿಗೆ ತಾಗಿದಾಗಲೂ ಗುಳ್ಳೆಗಳೇನೋ ಏಳುತ್ತವೆ; ಆದರೆ ಆ ಕ್ರಿಯೆಯಲ್ಲೇ ಹುಟ್ಟಿದ, ನೀರಿನಲ್ಲಿ ಸುಲಭಕ್ಕೆ ಕರಗದ ಕ್ಯಾಲ್ಸಿಯಂ ಸಲ್ಫೇಟ್ ಕಲ್ಲಿನ ಮೈಗೆ ಬಿಳಿಯ ಪದರವಾಗಿ ಅಂಟಿ, ಆಮ್ಲವನ್ನು ಹೊರಗೇ ತಡೆದು, ಗುಳ್ಳೆಗಳ ಉಸಿರು ಕಟ್ಟಿಸುತ್ತದೆ. ಇದನ್ನು ಕಂಡು, ಕಂಡಂತೆಯೇ ಬರೆದವಳು ಮೈತ್ರಿಯೊಬ್ಬಳೇ. ಉತ್ತರದ ಮೇಲೆ ಕೆಂಪು ಗೆರೆ ಬಿತ್ತು. ಮುಂದಿನ ವರ್ಷ ರಸಾಯನಶಾಸ್ತ್ರ ಓದುವ ಅವಕಾಶವೇ ತಪ್ಪುವಂತಾಯಿತು.

"ಬಟ್ ಇಟ್ ಸ್ಟಾಪ್ಡ್ ಲಾ, ಚಿಕ್ಕಮ್ಮ. ಐ ಸಾ ಇಟ್!" ಎಂದು ಇಲ್ಲಿಯವರ 'ಲಾ' ಸೇರಿಸಿಯೇ ಅತ್ತಳು.

ನಾನು ಶಾಲೆಗೆ ಹೋದೆ. ವಿಭಾಗದ ಮುಖ್ಯಸ್ಥರು ಚಹಾ ತರಿಸಿ, "ಎಲ್ಲ ಮಕ್ಕಳಿಗೂ ಕಂಡದ್ದು ನಿಮ್ಮ ಹುಡುಗಿಗೆ ಮಾತ್ರ ಕಾಣಲಿಲ್ಲವಲ್ಲ, ಮಿಸ್!" ಎಂದು ನಕ್ಕರು.

"ಆ ಸೀಸೆ ತರಿಸಿ, ಇಲ್ಲೇ ನೋಡೋಣ."

"ಯಾಕೆ ಲಾ ಇಷ್ಟು ಬಿಸಿ? ಅವಳು ಮಾದರಿ ಉತ್ತರ ಬರೆದುಕೊಡಲಿ, ಅಂಕ ಕೊಡೋಣ."

ಆಮ್ಲ ಬದಲಿಸಿದವರು ಯಾರು, ಕಣ್ಣಿಟ್ಟು ನೋಡಿದವಳಿಗೇ ಏಕೆ ಶಿಕ್ಷೆ ಎಂದು ಕೇಳಿದೆ. ಅವರು ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ಸರಿಸಿ, "ಚಹಾ ಆರುತ್ತದೆ, ಮಿಸ್," ಎಂದರು. ಅವರ ಸೌಜನ್ಯವೇ ಆ ಬಿಳಿಯ ಪದರವಾಗಿತ್ತು. ಅದರೊಳಗೆ ಕಲ್ಲು ಇದ್ದಂತೆಯೇ ಇತ್ತು. ವಿಚಾರಣೆಗೆ ಮೊದಲೇ ವರದಿ ಬರೆದಿಟ್ಟುಕೊಳ್ಳುವ ದೊಡ್ಡವರು ಆಕಾಶದಿಂದ ಉದುರುವುದಿಲ್ಲ, ಗೆಳೆಯರೇ. ಇಂಥ ಮೇಜುಗಳ ಮುಂದೆಯೇ ಬೆಳೆಯುತ್ತಾರೆ, ಪೂರ್ಣಾಂಕ ಪಡೆದು.

"ನಿನ್ನ ಹೋರಾಟಕ್ಕೆ ನನ್ನ ಮಗಳೇ ಬೇಕಿತ್ತೇನೇ?" ಎಂದಳು ಅಕ್ಕ. ಮೈತ್ರಿ ಬರೆದುಕೊಟ್ಟಳು. ಅವಕಾಶ ಸಿಕ್ಕಿತು, ಮನೆಯಲ್ಲಿ ಪಾಯಸವಾಯಿತು.

ನಿನ್ನೆ ಮಣೆಯ ಮೇಲೆ ಮತ್ತೆ ನಿಂಬೆರಸ ಚೆಲ್ಲಿತು. "ಮೈತ್ರಿ, ಬಾ ಇಲ್ಲಿ, ಏನಾಗ್ತಿದೆ ನೋಡು," ಎಂದು ಕರೆದೆ.

ಫೋನಿನಿಂದ ತಲೆಯೆತ್ತದೆಯೇ ಅವಳೆಂದಳು: "ವಿಗರಸ್ ಬಬಲ್ಸ್, ಕಲರ್‌ಲೆಸ್ ಸಲ್ಯೂಷನ್."

ಎದ್ದ ಒಂದೆರಡು ಸಣ್ಣ ಗುಳ್ಳೆಗಳು ನಾನೊಬ್ಬಳೇ ನೋಡುತ್ತಿದ್ದಂತೆ ಒಡೆದವು. ಮಣೆಯನ್ನು ಒರೆಸಿದೆ. ಹೊಳಪು ಸತ್ತ ಮಚ್ಚೆ ಅಲ್ಲೇ ಇದೆ. ಅದು ಒರೆಸಿದರೆ ಹೋಗುವಂಥದ್ದಲ್ಲ.