ಹೊಲಿಗೆ ಅಕ್ಕಾರ ಗುರಿ

ಬಬಲೇಶ್ವರದ ನಮ್ಮ ಶಾಲೆಯ ಹೊಲಿಗೆ ಟೀಚರನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದೆವು. ಏನೇ ಕೆಟ್ಟರೂ ಅವರು ಕನ್ನಡಕವನ್ನು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, "ಮೊದ್ಲ ಒರಸಿ ನೋಡೂಣು" ಎನ್ನುತ್ತಿದ್ದರು.

ಒಂದು ರಜೆಯಲ್ಲಿ ವಿಜಯಪುರದ ಹೊರಗಿನ ಪೇಂಟ್‌ಬಾಲ್ ಮೈದಾನದಲ್ಲಿ ಶಿಕ್ಷಕರಾದ ನಮಗೂ ತಿಕೋಟಾ ಶಾಲೆಯ ಶಿಕ್ಷಕರಿಗೂ ಆಟ ಬಿತ್ತು. ಬಣ್ಣದ ಗುಂಡು ತಗುಲಿದವರು ಹೊರಗೆ. ಮೊದಲ ಸುತ್ತಿನಲ್ಲಿ ಅಕ್ಕಾರ ಗುಂಡುಗಳೆಲ್ಲ ಅಡ್ಡಾದಿಡ್ಡಿ ಹಾರಿದವು, ನಾವು ಸೋತೆವು. "ಅಕ್ಕಾರ, ನೀವು ಸೂಜಿನ ಹಿಡೀರಿ," ಎಂದು ತಿಕೋಟಾದ ಹೆಡ್‌ಮಾಸ್ತರರು ನಕ್ಕರು.

ಅಕ್ಕಾರು ಬೇವಿನ ನೆರಳಲ್ಲಿ ಕುಳಿತು, ಮೈದಾನ ನೋಡಿಕೊಳ್ಳುವವನಿಂದ ತಮ್ಮ ಗನ್ನಿನ ನಳಿಗೆ ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿದರು. ಒಳಗೆ ಒಡೆದ ಗುಂಡಿನ ಬಣ್ಣ ಮೆತ್ತಿಕೊಂಡಿತ್ತು. ಅರಿವೆಯ ತುಂಡನ್ನು ದಾರಕ್ಕೆ ಕಟ್ಟಿ, ನಳಿಗೆಯೊಳಗಿಂದ ಎಳೆದೆಳೆದು ಒರೆಸಿದರು. ಆಮೇಲೆ ಗುಂಡುಗಳನ್ನು ಒಂದೊಂದಾಗಿ ಅದರಲ್ಲಿ ಹಾಕಿದರು. ಜಾರಿ ಬಿದ್ದದ್ದೂ ಬೇಡ, ಸಿಕ್ಕಿಕೊಂಡದ್ದೂ ಬೇಡ. ಒಳಗೆ ನಿಂತು, ಊದಿದರೆ ಹೊರಬರುವಂಥವನ್ನಷ್ಟೇ ಆರಿಸಿಕೊಂಡರು.

ಎರಡನೆಯ ಸುತ್ತಿನಲ್ಲಿ ಎಲ್ಲರೂ ಔಟಾಗಿ, ಕೊನೆಗೆ ಉಳಿದವರು ಅಕ್ಕಾರು ಮತ್ತು ಆ ಹೆಡ್‌ಮಾಸ್ತರರು. ಹೆಡ್‌ಮಾಸ್ತರರು ಟೈರುಗಳ ಹಿಂದೆ ಅಡಗಿದ್ದರು. ಒಂದು ಭುಜವಷ್ಟೇ ಕಾಣುತ್ತಿತ್ತು. ಅಕ್ಕಾರು ಉಸಿರು ಹಿಡಿದು ಟ್ರಿಗರ್ ಒತ್ತಿದರು. ಗುಂಡು ನೇರ ಹೋಗಿ ಆ ಭುಜದ ಮೇಲೆ ಹಳದಿಯಾಗಿ ಒಡೆಯಿತು.

ಹೆಡ್‌ಮಾಸ್ತರರು ಕೈ ಎತ್ತಿ ಎದ್ದು ಬಂದರು. "ಗೆದ್ರಿ ನೋಡ್ರಿ ಅಕ್ಕಾರ. ನಮ್ಮ ಗನ್ನೂ ಒಂಚೂರು ನೋಡ್ತೀರೇನ್ರಿ?"

"ಇನ್ನೊಂದ ಸುತ್ತ ಐತ್ರಿ. ಅದನ್ನೂ ಗೆದ್ದ ಮ್ಯಾಲ ನೋಡಿ ಕೊಡ್ತೇನಿ," ಎಂದರು ಅಕ್ಕಾರು.

ಅದನ್ನೂ ಗೆದ್ದರು. ಗನ್ನನ್ನೂ ನೋಡಿ ಕೊಟ್ಟರು.